ಗೊರಕೆಯ ನಡುವಿನ ಮೌನ

ಇಲ್ಲೇ ಹುಟ್ಟಿ ಬೆಳೆದ, ಮನೆಯಲ್ಲಿ ಕನ್ನಡ, ಹೊರಗೆ ಇಂಗ್ಲಿಷ್ ಮಾತಾಡುವ ಹುಡುಗ ಹುಡುಗಿಯರಿಗಾಗಿಯೇ ಈ ಮಾತು.

ಮೊದಲು ಒಂದು ಪ್ರಶ್ನೆ. ರಾತ್ರಿ ತಡವಾಗಿ ಓದುತ್ತಾ ಕೂತಿದ್ದಾಗ ಪಕ್ಕದ ಕೋಣೆಯಿಂದ ಅಪ್ಪನ ಗೊರಕೆ ಕೇಳಿದ್ದೀರಾ? ಕೇಳಿಯೇ ಇರುತ್ತೀರಿ. ಆ ಗೊರಕೆ ಜೋರಾಗುತ್ತಾ ಹೋಗಿ, ಇದ್ದಕ್ಕಿದ್ದಂತೆ ನಿಂತು, ಹತ್ತು ಹದಿನೈದು ಸೆಕೆಂಡು ಏನೂ ಕೇಳಿಸದೆ, ಆಮೇಲೆ ‘ಗೊಕ್’ ಎಂದು ದೊಡ್ಡ ಶಬ್ದದೊಂದಿಗೆ ಮತ್ತೆ ಶುರುವಾಗುವುದನ್ನು ಕೇಳಿದ್ದೀರಾ? ನಾನಿಂದು ಹೇಳಲಿರುವುದು ಗೊರಕೆಯ ಕಥೆಯಲ್ಲ. ಆ ನಡುವಿನ ಮೌನದ ಕಥೆ. ಅದನ್ನು ಮನುಷ್ಯರು ಎಷ್ಟು ಕಾಲ ಕೇಳಿಯೂ ಕೇಳದಂತೆ ಇದ್ದರು, ಯಾರು ಮೊದಲು ಕಿವಿಗೊಟ್ಟರು ಎನ್ನುವ ಇತಿಹಾಸ. ಈ ಇತಿಹಾಸದ ಎರಡು ಮುಖ್ಯ ಅಧ್ಯಾಯಗಳು ನಾವಿರುವ ಆಸ್ಟ್ರೇಲಿಯಾದಲ್ಲೇ ನಡೆದವು.

ನಾನು ಹಾಸನ ಜಿಲ್ಲೆಯ ಕಡೆಯವನು. ಬೇಸಿಗೆಯಲ್ಲಿ ನಮ್ಮಪ್ಪ ಜಗಲಿಯ ಮೇಲೆ ಮಲಗಿದರೆ ಬೀದಿಯ ಕೊನೆಯ ಮನೆಗೂ ಗೊರಕೆ ಕೇಳಿಸುತ್ತದೆ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು. ‘ಕುಂಭಕರ್ಣ’ ಎನ್ನುತ್ತಿದ್ದರು. ನಾವು ಮಕ್ಕಳೂ ನಗುತ್ತಿದ್ದೆವು. ನಗದೇ ಇದ್ದವಳು ಅಮ್ಮ ಒಬ್ಬಳೇ. ಗೊರಕೆ ನಿಂತ ಕೂಡಲೇ ಅವಳಿಗೆ ಎಚ್ಚರವಾಗುತ್ತಿತ್ತು. ಎದ್ದು ಕೂತು ಅಪ್ಪನ ತೋಳು ಅಲುಗಿಸಿ “ರೀ, ಸ್ವಲ್ಪ ಪಕ್ಕಕ್ಕೆ ತಿರುಗಿ” ಎನ್ನುತ್ತಿದ್ದಳು. ಒಮ್ಮೆ ಡಾಕ್ಟರ ಮುಂದೆಯೂ ಹೇಳಿದಳಂತೆ. “ಗಂಡಸರು ಗೊರಕೆ ಹೊಡೆಯದೆ ಇನ್ನೇನಮ್ಮ” ಎಂದು ಅವರೂ ನಕ್ಕು ಕಳಿಸಿದರಂತೆ. ಅಪ್ಪ ಹಗಲಲ್ಲಿ ಪೇಪರ್ ಹಿಡಿದುಕೊಂಡೇ ತೂಕಡಿಸುತ್ತಿದ್ದುದಕ್ಕೂ ರಾತ್ರಿಯ ಈ ಗೊರಕೆಗೂ ನಂಟಿದೆ ಎಂದು ಆಗ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಸಿಡ್ನಿಯ ನನ್ನ ಮನೆಯಲ್ಲಿ, ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ನನ್ನ ಮಗಳು ಬೆಳಗಿನ ತಿಂಡಿಗೆ ಕೂತಾಗ ಫೋನ್ ಮುಂದಿಟ್ಟಳು. “ಅಪ್ಪಾ, ನಿನ್ನೆ ರಾತ್ರಿ ನೀನು ಉಸಿರಾಡೋದನ್ನೇ ನಿಲ್ಲಿಸಿಬಿಟ್ಟಿದ್ದೆ. ಕೇಳು” ಎಂದಳು. ನಾನು ನಕ್ಕೆ, ಅವಳು ನಗಲಿಲ್ಲ. ಫೋನಿನಲ್ಲಿ ನನ್ನದೇ ಗೊರಕೆ, ಆಮೇಲೆ ಮೌನ. ನನಗೆ ಆ ಕ್ಷಣ ಅಮ್ಮ ನೆನಪಾದಳು.

ಅದಕ್ಕೆ ವೈದ್ಯರು ಇಟ್ಟಿರುವ ಹೆಸರು ಆಪ್ನಿಯಾ. ಗ್ರೀಕ್ ಭಾಷೆಯಲ್ಲಿ ‘ಉಸಿರಿಲ್ಲದಿರುವುದು’ ಎಂದರ್ಥ. ದೊಡ್ಡವರಲ್ಲಿ ನಿದ್ದೆಯಲ್ಲಿ ಉಸಿರು 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಅದನ್ನು ಒಂದು ಆಪ್ನಿಯಾ ಎಂದು ಎಣಿಸುತ್ತಾರೆ. ಉಸಿರು ಪೂರ್ತಿ ನಿಲ್ಲದೆ ಬಹಳ ಕಡಿಮೆಯಾದರೆ ಅದನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಗಂಟೆಗೆ ಇಂಥವು 5ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ. 5ರಿಂದ 15 ಇದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಎಂದರೆ ಎರಡು ನಿಮಿಷಕ್ಕೊಮ್ಮೆ ಉಸಿರಿಗೆ ತಡೆ, ಅದೂ ರಾತ್ರಿಯಿಡೀ.

ಇದು ಹೇಗಾಗುತ್ತದೆ? ಮೂಗಿನ ಹಿಂಭಾಗದಿಂದ ಶ್ವಾಸನಾಳದವರೆಗಿನ ಗಂಟಲಿನ ದಾರಿಗೆ ಗಟ್ಟಿ ಮೂಳೆಯ ಆಸರೆ ಇಲ್ಲ. ಎಚ್ಚರವಿದ್ದಾಗ ಸುತ್ತಲಿನ ಸ್ನಾಯುಗಳು ಆ ದಾರಿಯನ್ನು ತೆರೆದು ಹಿಡಿದಿರುತ್ತವೆ. ನಿದ್ದೆ ಬಂದಾಗ ಅವು ಸಡಿಲವಾಗುತ್ತವೆ. ದಾರಿ ಕಿರಿದಾದರೆ ಗಾಳಿ ಹೋಗುವಾಗ ಅಕ್ಕಪಕ್ಕದ ಮಾಂಸ ಅದುರುತ್ತದೆ, ಅದೇ ಗೊರಕೆ. ದಾರಿ ಪೂರ್ತಿ ಮುಚ್ಚಿಕೊಂಡರೆ ಎದೆ ಎಷ್ಟು ಎಳೆದರೂ ಗಾಳಿ ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಮೆದುಳು ಗಾಬರಿಯಾಗಿ ಒಂದು ಕ್ಷಣ ಎಚ್ಚರಗೊಳಿಸುತ್ತದೆ, ಸ್ನಾಯುಗಳು ಬಿಗಿಯಾಗುತ್ತವೆ, ‘ಗೊಕ್’ ಎಂದು ಉಸಿರು ಬರುತ್ತದೆ, ಮತ್ತೆ ನಿದ್ದೆ. ಬೆಳಗ್ಗೆ ಇದಾವುದೂ ಮಲಗಿದ್ದವನಿಗೆ ನೆನಪಿರುವುದಿಲ್ಲ. ಉಳಿಯುವುದು ಒಣಗಿದ ಬಾಯಿ, ಕೆಲವರಿಗೆ ತಲೆನೋವು, ಇಡೀ ದಿನ ತೂಕಡಿಕೆ. ಇದು ‘ತಡೆಯ’ ಆಪ್ನಿಯಾ. ಇನ್ನೊಂದು ಬಗೆಯಲ್ಲಿ ದಾರಿ ತೆರೆದೇ ಇರುತ್ತದೆ, ಆದರೆ ಉಸಿರಾಡು ಎಂಬ ಆಜ್ಞೆಯೇ ಮೆದುಳಿನಿಂದ ಬರುವುದಿಲ್ಲ. ಎಳೆಯ ಶಿಶುಗಳ ವಿಷಯಕ್ಕೆ ಬಂದಾಗ ಈ ಎರಡನೆಯದನ್ನು ನೆನಪಿಟ್ಟುಕೊಳ್ಳಿ.

ಈಗ ಇತಿಹಾಸಕ್ಕೆ ಬರೋಣ. ಚಾರ್ಲ್ಸ್ ಡಿಕೆನ್ಸ್ 1836-37ರಲ್ಲಿ ಕಂತುಗಳಲ್ಲಿ ಬರೆದ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ಜೋ ಎಂಬ ದಪ್ಪ ಹುಡುಗನಿದ್ದಾನೆ. ನಿಂತಲ್ಲೇ ನಿದ್ದೆ ಮಾಡುತ್ತಾನೆ, ಊಟ ಬಡಿಸುತ್ತಲೇ ಗೊರಕೆ ಹೊಡೆಯುತ್ತಾನೆ. ಓದುಗರು ನಕ್ಕರು. ಡಿಕೆನ್ಸ್ ಕಂಡದ್ದನ್ನು ಕಂಡ ಹಾಗೆ ಬರೆದಿದ್ದರು. ಆದರೆ ಅದೊಂದು ಕಾಯಿಲೆಯ ಚಿತ್ರ ಇರಬಹುದು ಎಂದು ಬಹಳ ಕಾಲ ಯಾರಿಗೂ ಅನ್ನಿಸಲಿಲ್ಲ. ನಮ್ಮ ಬೀದಿಯವರು ಅಪ್ಪನನ್ನು ಕುಂಭಕರ್ಣ ಎಂದು ನಕ್ಕಂತೆಯೇ.

ವೈದ್ಯರಲ್ಲಿ ಕೆಲವರು ಗಮನಿಸಿದ್ದುಂಟು. 1877ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಬ್ರಾಡ್‌ಬೆಂಟ್ ನಿದ್ದೆಯಲ್ಲಿ ಗೊರಕೆ ನಿಂತು, ಎದೆ ಮಾತ್ರ ಸುಮ್ಮನೆ ಏಳುತ್ತಾ ಬೀಳುತ್ತಾ, ಆಮೇಲೆ ದೊಡ್ಡ ಸದ್ದಿನೊಂದಿಗೆ ಗಾಳಿ ಒಳನುಗ್ಗುವುದನ್ನು ಬರೆದಿಟ್ಟರು. ಇವತ್ತಿನ ಯಾವ ಪಠ್ಯಪುಸ್ತಕಕ್ಕೂ ಸಲ್ಲುವ ವಿವರಣೆ ಅದು. 1889ರಲ್ಲಿ ವಿಲಿಯಂ ಹಿಲ್ ಎಂಬ ಇನ್ನೊಬ್ಬ ಬ್ರಿಟಿಷ್ ವೈದ್ಯರು ಮಕ್ಕಳ ಬಗ್ಗೆ ಬರೆದರು. ಶಾಲೆಯಲ್ಲಿ ‘ದಡ್ಡರು’ ಎನ್ನಿಸಿಕೊಂಡ ಕೆಲವು ಮಕ್ಕಳು ನಿಜಕ್ಕೂ ದಡ್ಡರಲ್ಲ, ಮೂಗು ಗಂಟಲಿನ ದಾರಿ ಕಟ್ಟಿಕೊಂಡಿರುವುದೇ ಅವರ ತೊಂದರೆ ಎಂದರು. ಈಗ ನಮಗೆ ಗೊತ್ತು, ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ಊದಿಕೊಂಡ ಮಕ್ಕಳಿಗೆ ರಾತ್ರಿ ಉಸಿರು ಕಟ್ಟುತ್ತದೆ. ದೊಡ್ಡವರಂತೆ ಅವರು ಹಗಲು ತೂಕಡಿಸುವುದೇ ಹೆಚ್ಚೆಂದೇನಿಲ್ಲ. ಕೂತಲ್ಲಿ ಕೂರದೆ ಚಡಪಡಿಸುತ್ತಾರೆ, ಪಾಠದಲ್ಲಿ ಮನಸ್ಸು ನಿಲ್ಲುವುದಿಲ್ಲ. ಎಷ್ಟು ಮಕ್ಕಳು ‘ದಡ್ಡ’ ಎಂಬ ಹೆಸರು ಹೊತ್ತೇ ದೊಡ್ಡವರಾದರೋ.

1956ರಲ್ಲಿ ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಗೆ ಒಬ್ಬ ದಢೂತಿ ವ್ಯಾಪಾರಿ ಬಂದ ಸಂಗತಿಯನ್ನು ಸಿಡ್ನಿ ಬರ್ವೆಲ್ ಮತ್ತು ಸಂಗಡಿಗರು ಪ್ರಕಟಿಸಿದರು. ಆತ ಇಸ್ಪೀಟು ಆಡುತ್ತಿದ್ದಾಗ ಕೈಗೆ ಗೆಲ್ಲುವಂಥ ಎಲೆಗಳೇ ಬಂದಿದ್ದವು, ಆದರೆ ಅಷ್ಟರಲ್ಲಿ ನಿದ್ದೆ ಹೋಗಿಬಿಟ್ಟ. ಇನ್ನು ತಡಮಾಡಬಾರದೆಂದು ಆಸ್ಪತ್ರೆಗೆ ಬಂದ. ವೈದ್ಯರಿಗೆ ಡಿಕೆನ್ಸನ ಜೋ ನೆನಪಾದ, ಕಾಯಿಲೆಗೆ ಪಿಕ್‌ವಿಕ್ಕನ ಹೆಸರೇ ಬಂತು. ಆದರೆ ಅವರು ಕಾರಣ ಹುಡುಕಿದ್ದು ಹಗಲಿನಲ್ಲಿ. ಬೊಜ್ಜಿನಿಂದ ಉಸಿರಾಟ ಸಾಲದೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಅದರಿಂದಲೇ ಮಂಪರು ಎಂದುಕೊಂಡರು. ಅದು ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಉತ್ತರ. ರೋಗಿ ರಾತ್ರಿ ಮಲಗಿದಾಗ ಏನಾಗುತ್ತದೆ ಎಂದು ಅವರು ಕೂತು ನೋಡಿರಲಿಲ್ಲ.

ರಾತ್ರಿ ಕೂತು ನೋಡುವ ಅಭ್ಯಾಸ ಆಗಷ್ಟೇ ಶುರುವಾಗುತ್ತಿತ್ತು. 1953ರಲ್ಲಿ ಷಿಕಾಗೋದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯೆಲ್ ಕ್ಲೈಟ್‌ಮನ್, ನಿದ್ದೆಯ ಒಂದು ಹಂತದಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗಳು ಚುರುಕಾಗಿ ಓಡಾಡುತ್ತವೆ ಎಂದು ತೋರಿಸಿದ್ದರು. ಅಲ್ಲಿಯವರೆಗೆ ನಿದ್ದೆ ಎಂದರೆ ದೀಪ ಆರಿಸಿದಂತೆ, ಅಲ್ಲಿ ನೋಡಲು ಏನೂ ಇಲ್ಲ ಎಂಬ ಭಾವನೆ ಇತ್ತು. ಆಮೇಲೆ ಯುರೋಪಿನ ಪ್ರಯೋಗಾಲಯಗಳಲ್ಲಿ ರೋಗಿಗಳನ್ನು ಮಲಗಿಸಿ, ಮೆದುಳಿನ ಅಲೆ, ಉಸಿರು, ಎದೆಯ ಚಲನೆ ಎಲ್ಲವನ್ನೂ ರಾತ್ರಿಯಿಡೀ ಕಾಗದದ ಮೇಲೆ ಗೀಚಿಸುವ ಕೆಲಸ ನಡೆಯಿತು. 1965ರಲ್ಲಿ ಫ್ರಾನ್ಸಿನ ಮಾರ್ಸೆಯಲ್ಲಿ ಹೆನ್ರಿ ಗಾಸ್ಟೊ ತಂಡ, ಜರ್ಮನಿಯ ಫ್ರೈಬರ್ಗಿನಲ್ಲಿ ಯುಂಗ್ ಮತ್ತು ಕೂಲೊ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಒಂದೇ ಸಂಗತಿ ಕಂಡರು. ‘ಪಿಕ್‌ವಿಕ್’ ರೋಗಿಗಳ ಉಸಿರು ನಿದ್ದೆಯಲ್ಲಿ ಮತ್ತೆ ಮತ್ತೆ ನಿಲ್ಲುತ್ತಿತ್ತು. ಹಗಲಿನ ತೂಕಡಿಕೆಗೆ ಕಾರಣ ರಾತ್ರಿಯಲ್ಲಿತ್ತು.

ಮುಂದೆ ಇಟಲಿಯ ಎಲಿಯೊ ಲುಗರೇಸಿ, ಫ್ರಾನ್ಸಿನಿಂದ ಅಮೆರಿಕದ ಸ್ಟ್ಯಾನ್‌ಫರ್ಡಿಗೆ ಬಂದ ಕ್ರಿಶ್ಚಿಯನ್ ಗಿಲ್‌ಮಿನೋ ಮೊದಲಾದವರು ಈ ಕಾಯಿಲೆಗೆ ಸ್ಪಷ್ಟ ರೂಪ ಕೊಟ್ಟರು. ಗಿಲ್‌ಮಿನೋ 1976ರಲ್ಲಿ ಎಂಟು ಮಕ್ಕಳಲ್ಲಿಯೂ ಇದನ್ನು ವಿವರಿಸಿದರು. ದಪ್ಪಗಿರುವ ನಡುವಯಸ್ಸಿನ ಗಂಡಸರಿಗೆ ಮಾತ್ರ ಬರುವ ಕಾಯಿಲೆ ಇದಲ್ಲ ಎಂಬುದು ನಿಧಾನವಾಗಿ ತಿಳಿಯಿತು. ಏಷ್ಯಾ ಮೂಲದವರಲ್ಲಿ ಅಷ್ಟೇನೂ ತೂಕವಿಲ್ಲದವರಿಗೂ ಇದು ಬರುತ್ತದೆ. ಹಾಗಾಗಿ ನಮ್ಮವರು “ನಾನೇನು ಅಷ್ಟು ದಪ್ಪ ಇಲ್ಲವಲ್ಲ” ಎಂದುಕೊಂಡು ಸುಮ್ಮನಿರುವುದು ಸರಿಯಲ್ಲ.

ಕಾಯಿಲೆ ಗೊತ್ತಾಯಿತು, ಮದ್ದೇನು? 1969ರಲ್ಲಿ ಕೂಲೊ ಮತ್ತು ಸಂಗಡಿಗರು ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೇ ರಂಧ್ರ ಮಾಡಿ ಕೊಳವೆ ಇಟ್ಟರು. ಮುಚ್ಚಿಕೊಳ್ಳುವ ಗಂಟಲನ್ನು ಬಿಟ್ಟು ಕೆಳಗಿನಿಂದಲೇ ಉಸಿರು. ಕಾಯಿಲೆ ಅದ್ಭುತವಾಗಿ ವಾಸಿಯಾಯಿತು. ಆದರೆ ಜೀವನಪೂರ್ತಿ ಕತ್ತಿನಲ್ಲಿ ರಂಧ್ರ ಇಟ್ಟುಕೊಂಡು ಬದುಕಲು ಯಾರಿಗೆ ತಾನೆ ಮನಸ್ಸು ಬರುತ್ತದೆ? ಹತ್ತು ವರ್ಷ ಕಳೆದರೂ ತೀವ್ರ ಕಾಯಿಲೆಯವರಿಗೆ ಖಚಿತವಾದ ಬೇರೆ ದಾರಿ ಇರಲಿಲ್ಲ.

ಇಲ್ಲಿ ನಮ್ಮ ಸಿಡ್ನಿ ಬರುತ್ತದೆ. ಕ್ಯಾಂಪರ್‌ಡೌನಿನ ಮಿಸೆಂಡನ್ ರಸ್ತೆಯಲ್ಲಿರುವ ರಾಯಲ್ ಪ್ರಿನ್ಸ್ ಆಲ್‌ಫ್ರೆಡ್ ಆಸ್ಪತ್ರೆಯ ಮುಂದೆ ನಿಮ್ಮಲ್ಲಿ ಎಷ್ಟೋ ಜನ ಓಡಾಡಿರುತ್ತೀರಿ, ಯೂನಿವರ್ಸಿಟಿಯ ಪಕ್ಕದಲ್ಲೇ ಇದೆ. ಅಲ್ಲಿ ಕಾಲಿನ್ ಸಲ್ಲಿವನ್ ಎಂಬ ವೈದ್ಯರಿದ್ದರು. ಕೆನಡಾದ ಟೊರಾಂಟೊದಲ್ಲಿ ಎಲಿಯಟ್ ಫಿಲಿಪ್‌ಸನ್ ಜೊತೆ ನಾಯಿಗಳ ನಿದ್ದೆ ಮತ್ತು ಉಸಿರಾಟದ ಬಗ್ಗೆ ಸಂಶೋಧನೆ ಮಾಡಿ ಮರಳಿದ್ದರು. ಅವರ ಯೋಚನೆ ಸರಳವಾಗಿತ್ತು. ಗಂಟಲಿನ ದಾರಿ ಒಳಕ್ಕೆ ಕುಸಿದು ಮುಚ್ಚಿಕೊಳ್ಳುತ್ತದೆ ಎಂದಾದರೆ, ಮೂಗಿನಿಂದ ಸ್ವಲ್ಪ ಒತ್ತಡದಲ್ಲಿ ಗಾಳಿ ಊದುತ್ತಲೇ ಇದ್ದರೆ ಆ ಗಾಳಿಯೇ ದಾರಿಯನ್ನು ತೆರೆದು ಹಿಡಿಯಬಹುದಲ್ಲವೇ?

1980ರ ಜೂನ್ ತಿಂಗಳು. ತೀವ್ರ ಆಪ್ನಿಯಾ ಇದ್ದ ಒಬ್ಬ ರೋಗಿಗೆ ಕತ್ತಿನ ಆಪರೇಷನ್ ಆಗಬೇಕು ಎಂದಿದ್ದರು. ಆತ ಬೇಡವೆಂದ. ಆದರೆ ಈ ಹೊಸ ಪ್ರಯೋಗಕ್ಕೆ ಒಪ್ಪಿದ. ವ್ಯಾಕ್ಯೂಮ್ ಕ್ಲೀನರಿನಂಥ ಯಂತ್ರದ ಮೋಟಾರು, ಒಂದು ಕೊಳವೆ, ಮೂಗಿಗೆ ಹೊಂದುವ ಮಾಸ್ಕ್, ಇಷ್ಟೇ ಸಲಕರಣೆ. ರೋಗಿ ನಿದ್ದೆ ಹೋದ, ಉಸಿರು ನಿಂತಿತು. ಗಾಳಿಯ ಒತ್ತಡ ಏರಿಸಿದರು, ಉಸಿರು ಸರಾಗವಾಯಿತು. ಇಳಿಸಿದರು, ಮತ್ತೆ ಕಟ್ಟಿತು. ಏರಿಸಿದರು, ಮತ್ತೆ ಸರಾಗ. ಆಮೇಲೆ ಹಾಗೇ ಬಿಟ್ಟರು. ಆತ ಸುಮಾರು ಏಳು ಗಂಟೆ ನಿದ್ದೆ ಮಾಡಿ ಬೆಳಗ್ಗೆ ಲವಲವಿಕೆಯಿಂದ ಎದ್ದ. 1981ರ ಏಪ್ರಿಲಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಸಲ್ಲಿವನ್ ಮತ್ತು ಸಂಗಡಿಗರು ಐದು ರೋಗಿಗಳ ವಿವರ ಪ್ರಕಟಿಸಿದರು. ಬೇಕಾದ ಒತ್ತಡ 4.5ರಿಂದ 10 ಸೆಂಟಿಮೀಟರ್ ನೀರಿನಷ್ಟು ಮಾತ್ರ. ಒಂದು ಲೋಟ ನೀರಿನಲ್ಲಿ ಸ್ಟ್ರಾ ಮುಳುಗಿಸಿ ಗುಳ್ಳೆ ಬರಿಸಲು ನೀವು ಊದುತ್ತೀರಲ್ಲ, ಹೆಚ್ಚು ಕಡಿಮೆ ಅಷ್ಟೇ.

ಅದೇ ಸಿಪ್ಯಾಪ್ ಯಂತ್ರ. ಮೊದಲ ಯಂತ್ರಗಳು ಭಾರಿ ಗದ್ದಲ ಮಾಡುತ್ತಿದ್ದವು. ಪ್ರತಿಯೊಬ್ಬರ ಮೂಗಿನ ಅಚ್ಚು ತೆಗೆದು ಮಾಸ್ಕ್ ಮಾಡಬೇಕಿತ್ತು, ಅದನ್ನು ದಿನಾ ರಾತ್ರಿ ಮುಖಕ್ಕೆ ಅಂಟಿಸಿಕೊಳ್ಳಬೇಕಿತ್ತು. ಆದರೂ ಜನ ಅದನ್ನು ಮನೆಗೆ ಒಯ್ದು ಬಳಸಿದರು. ಎಷ್ಟೋ ವರ್ಷಗಳ ಮೇಲೆ ನೆಮ್ಮದಿಯ ನಿದ್ದೆ ಸಿಕ್ಕವರಿಗೆ ಆ ಗದ್ದಲ ದೊಡ್ಡದೆನಿಸಲಿಲ್ಲ. 1989ರಲ್ಲಿ ಇದೇ ಸಿಡ್ನಿಯಲ್ಲಿ ಈ ಯಂತ್ರಗಳನ್ನು ತಯಾರಿಸಲು ಪೀಟರ್ ಫ್ಯಾರೆಲ್ ಕಂಪನಿ ಕಟ್ಟಿದರು. ಅದೇ ಈಗಿನ ರೆಸ್‌ಮೆಡ್. ಇವತ್ತು ನನ್ನ ಹಾಸಿಗೆಯ ಪಕ್ಕದಲ್ಲಿರುವ ಯಂತ್ರ ಊಟದ ಡಬ್ಬಿಯಷ್ಟು ದೊಡ್ಡದು, ಸದ್ದು ಇಲ್ಲವೇ ಇಲ್ಲ ಎನ್ನಬಹುದು. ಮೊದಲ ವಾರ ಮಾಸ್ಕ್ ಕಿತ್ತೆಸೆಯಬೇಕು ಅನ್ನಿಸಿತ್ತು. ಈಗ ಅದಿಲ್ಲದೆ ಪ್ರಯಾಣ ಹೊರಡುವುದಿಲ್ಲ, ಊರಿಗೆ ಹೋದಾಗಲೂ ಜೊತೆಯಲ್ಲೇ ಬರುತ್ತದೆ.

ಎಷ್ಟು ಜನರಿಗಿದೆ ಈ ತೊಂದರೆ? 1993ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೆಲಸಕ್ಕೆ ಹೋಗುವ ನಡುವಯಸ್ಸಿನವರನ್ನು ಪರೀಕ್ಷಿಸಿದಾಗ, ಗಂಟೆಗೆ 5 ಅಥವಾ ಹೆಚ್ಚು ಬಾರಿ ಉಸಿರಿಗೆ ತಡೆಯಾಗುವವರು ಗಂಡಸರಲ್ಲಿ ಶೇಕಡಾ 24, ಹೆಂಗಸರಲ್ಲಿ ಶೇಕಡಾ 9 ಎಂದು ಕಂಡುಬಂತು. 2019ರ ಒಂದು ಅಂದಾಜಿನಂತೆ ಜಗತ್ತಿನಲ್ಲಿ 30ರಿಂದ 69 ವರ್ಷದ ಸುಮಾರು 93 ಕೋಟಿ ಜನರಿಗೆ ಇದಿದೆ. ಅದರಲ್ಲಿ ಬಹುಪಾಲು ಜನರಿಗೆ ತಮಗಿದೆ ಎಂದೇ ಗೊತ್ತಿಲ್ಲ. ಚಿಕಿತ್ಸೆ ಇಲ್ಲದೆ ಬಿಟ್ಟರೆ ರಕ್ತದೊತ್ತಡ, ಹೃದಯದ ತೊಂದರೆಗಳೊಂದಿಗೆ ಇದಕ್ಕೆ ನಂಟಿದೆ. ಕಾರು ಓಡಿಸುತ್ತಾ ಕಣ್ಣು ಮುಚ್ಚಿದರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಹೊತ್ತು ದೊಡ್ಡವರ ಮಾತಾಯಿತು. ಈಗ ಶಿಶುಗಳ ಕಡೆ ಬರೋಣ. ನಿಮ್ಮಲ್ಲಿ ಕೆಲವರಿಗೆ ಆಗಲೇ ಮಕ್ಕಳಾಗಿವೆ, ಇನ್ನು ಕೆಲವರಿಗೆ ಮುಂದೆ ಆಗುತ್ತವೆ.

ಅವಧಿಗೆ ಬಹಳ ಮುಂಚೆ ಹುಟ್ಟಿದ ಮಗುವಿನ ಮೆದುಳಿನ ಬುಡದಲ್ಲಿ ಉಸಿರಾಟವನ್ನು ನಡೆಸುವ ಕೇಂದ್ರ ಇನ್ನೂ ಬಲಿತಿರುವುದಿಲ್ಲ. ಉಸಿರಾಡುವುದನ್ನೇ ಮರೆತಂತೆ ಆಗಾಗ ಸುಮ್ಮನಾಗಿಬಿಡುತ್ತದೆ. 20 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತರೆ, ಅಥವಾ ಕಡಿಮೆ ಹೊತ್ತಾದರೂ ಹೃದಯದ ಬಡಿತ ಇಳಿದರೆ, ಅದು ಶಿಶುವಿನ ಆಪ್ನಿಯಾ. 28 ವಾರಕ್ಕಿಂತ ಮುಂಚೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಇದು ಇರುತ್ತದೆ. ನರ್ಸುಗಳು ಮಗುವಿನ ಅಂಗಾಲನ್ನು ಮೆಲ್ಲನೆ ತಟ್ಟಿ ಎಚ್ಚರಿಸುತ್ತಿದ್ದರು. 1970ರ ದಶಕದಲ್ಲಿ ಒಂದು ಮದ್ದು ಸಿಕ್ಕಿತು. ಯಾವುದು ಗೊತ್ತೇ? ಕೆಫೀನ್. ಚಿಕ್ಕಮಗಳೂರು ಕೊಡಗಿನ ತೋಟಗಳಲ್ಲಿ ಬೆಳೆಯುವ ಕಾಫಿಬೀಜದಲ್ಲಿರುವ, ನಿಮ್ಮ ಅಪ್ಪ ಅಮ್ಮನಿಗೆ ಬೆಳಗ್ಗೆ ಇಲ್ಲದಿದ್ದರೆ ಆಗದ ಅದೇ ಕೆಫೀನ್. ಅದು ಮಗುವಿನ ಉಸಿರಾಟದ ಕೇಂದ್ರವನ್ನು ಚುರುಕುಗೊಳಿಸುತ್ತದೆ. ಬಹಳ ವರ್ಷ ಅದನ್ನು ಕೊಡುತ್ತಾ ಬಂದರೂ ಮುಂದೆ ತೊಂದರೆಯಾದೀತೇ ಎಂಬ ಅಳುಕು ಉಳಿದಿತ್ತು. ಕೊನೆಗೆ ಆಸ್ಟ್ರೇಲಿಯಾವೂ ಸೇರಿ ಹಲವು ದೇಶಗಳ 2,006 ಪುಟ್ಟ ಶಿಶುಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2006 ಮತ್ತು 2007ರಲ್ಲಿ ಬಂತು. ಕೆಫೀನ್ ಪಡೆದ ಮಕ್ಕಳ ಶ್ವಾಸಕೋಶಕ್ಕೆ ಆಗುವ ಹಾನಿ ಕಡಿಮೆ ಇತ್ತು, ಒಂದೂವರೆ ವರ್ಷದ ಹೊತ್ತಿಗೆ ಬೆಳವಣಿಗೆಯೂ ಉತ್ತಮವಾಗಿತ್ತು. ಇದು ಆಸ್ಪತ್ರೆಯಲ್ಲಿ ಅಳತೆ ಮಾಡಿ ಕೊಡುವ ಮದ್ದು. ಮನೆಯಲ್ಲಿ ಮಗುವಿಗೆ ಕಾಫಿ ಕುಡಿಸುವ ಮಾತಲ್ಲ, ತಿಳಿಯಿತಲ್ಲ?

ಇನ್ನೊಂದು ಕಥೆ ಇಷ್ಟು ಸುಖದ್ದಲ್ಲ. ಆರೋಗ್ಯವಾಗಿದ್ದ ಮಗು ತೊಟ್ಟಿಲಲ್ಲಿ ಮಲಗಿದ್ದಂತೆಯೇ ತೀರಿಕೊಳ್ಳುವುದು. ಇಲ್ಲಿ ಅದನ್ನು ಕಾಟ್ ಡೆತ್ ಎನ್ನುತ್ತಿದ್ದರು. 1972ರಲ್ಲಿ ಅಮೆರಿಕದ ವೈದ್ಯರೊಬ್ಬರು ಐದು ಮಕ್ಕಳ ವಿವರ ಪ್ರಕಟಿಸಿ, ಇದಕ್ಕೆ ಮೂಲ ನಿದ್ದೆಯಲ್ಲಿ ಉಸಿರು ನಿಲ್ಲುವ ಆಪ್ನಿಯಾ ಎಂದರು. ಐದರಲ್ಲಿ ತೀರಿಕೊಂಡ ಇಬ್ಬರು ಒಂದೇ ಮನೆಯವರು. ಜನರಿಗೆ ಭರವಸೆ ಬಂತು. ಉಸಿರು ನಿಂತರೆ ಕೂಗುವ ಯಂತ್ರಗಳನ್ನು ಲಕ್ಷಾಂತರ ತಂದೆತಾಯಿಗಳು ಮನೆಗೆ ತಂದರು. ಆಮೇಲೆ 1995ರಲ್ಲಿ ಆ ಒಂದೇ ಮನೆಯ ಮಕ್ಕಳ ತಾಯಿಯೇ ಮಕ್ಕಳನ್ನು ಕೊಂದಳೆಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಇಡೀ ಸಿದ್ಧಾಂತದ ಬುಡವೇ ಅಲುಗಿತು. 2001ರ ಒಂದು ದೊಡ್ಡ ಅಧ್ಯಯನ, ಆರೋಗ್ಯವಂತ ಮಕ್ಕಳಲ್ಲೂ ಉಸಿರು ಆಗಾಗ ಸ್ವಲ್ಪ ನಿಲ್ಲುತ್ತದೆ ಎಂದು ತೋರಿಸಿತು. ಕಾಟ್ ಡೆತ್ ತಡೆಯಲೆಂದು ಮನೆಯಲ್ಲಿ ಇಂಥ ಯಂತ್ರ ಇಡಬೇಕಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2003ರಲ್ಲಿ ಹೇಳಿತು. ಈಗ ಮಗುವಿನ ಕಾಲಿಗೆ ಹಾಕುವ ಸ್ಮಾರ್ಟ್ ಸಾಕ್ಸ್ ಮಾರುತ್ತಾರಲ್ಲ, ಅದನ್ನು ಕೊಳ್ಳುವ ಮುನ್ನ ಈ ಇತಿಹಾಸ ನೆನಪಿರಲಿ.

ಎಲ್ಲರೂ ಯಂತ್ರದ ಕಡೆ ನೋಡುತ್ತಿದ್ದಾಗ ಅಡಿಲೇಡಿನಲ್ಲಿ ಸೂಸನ್ ಬೀಲ್ ಎಂಬ ವೈದ್ಯೆ ಬೇರೆ ಕೆಲಸ ಮಾಡುತ್ತಿದ್ದರು. 1970ರ ದಶಕದಿಂದ, ಮಗುವನ್ನು ಕಳೆದುಕೊಂಡ ಮನೆಗಳಿಗೆ ತಾವೇ ಹೋಗಿ, ತಾಯಿತಂದೆಯ ಜೊತೆ ಕೂತು, ಮಗು ಎಲ್ಲಿ ಮಲಗಿತ್ತು, ಹೇಗೆ ಮಲಗಿತ್ತು, ಏನು ಹೊದೆಸಿದ್ದಿರಿ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಹೀಗೆ ನೂರಾರು ಮನೆ. ಒಂದು ಸಂಗತಿ ಎದ್ದು ಕಾಣುತ್ತಾ ಬಂತು. ತೀರಿಕೊಂಡ ಬಹುಪಾಲು ಮಕ್ಕಳು ಬೋರಲು ಮಲಗಿದ್ದವು.

ಬೋರಲು ಮಲಗಿಸಿ ಎಂದು ಹೇಳಿದ್ದು ಯಾರು? ತಜ್ಞರೇ! ಅಂಗಾತ ಮಲಗಿದರೆ ವಾಂತಿ ಗಂಟಲಿಗೆ ಸಿಕ್ಕಿಕೊಳ್ಳಬಹುದು ಎಂಬ ಊಹೆಯಿಂದ ಹಲವು ಪುಸ್ತಕಗಳು ಹಾಗೆ ಬರೆದಿದ್ದವು. ಮನೆಮನೆಯಲ್ಲೂ ಇದ್ದ ಅಮೆರಿಕದ ಡಾಕ್ಟರ್ ಸ್ಪಾಕ್ ಅವರ ಪುಸ್ತಕವೂ 1950ರ ದಶಕದಿಂದ ಅದನ್ನೇ ಹೇಳಿತು. 1985ರಲ್ಲಿ ಹಾಂಗ್‌ಕಾಂಗಿನಿಂದ ವೈದ್ಯರೊಬ್ಬರು, ಇಲ್ಲಿ ಮಕ್ಕಳನ್ನು ಅಂಗಾತ ಮಲಗಿಸುತ್ತಾರೆ, ಕಾಟ್ ಡೆತ್ ಅಪರೂಪ ಎಂದು ಬರೆದರು. ನ್ಯೂಜಿಲೆಂಡಿನ ದೊಡ್ಡ ಅಧ್ಯಯನ ಅದನ್ನೇ ದೃಢಪಡಿಸಿತು. 1991ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಬ್ರಿಟನ್ ದೇಶಗಳು “ಅಂಗಾತ ಮಲಗಿಸಿ” ಎಂದು ಪ್ರಚಾರ ಶುರು ಮಾಡಿದವು. ಆಸ್ಟ್ರೇಲಿಯಾದಲ್ಲಿ ಆ ಸಾವುಗಳು ಶೇಕಡಾ 80ಕ್ಕಿಂತ ಹೆಚ್ಚು ಇಳಿದವು. ಹೊಸ ಮದ್ದಿಲ್ಲ, ಯಂತ್ರವಿಲ್ಲ, ಮಗುವನ್ನು ತಿರುಗಿಸಿ ಮಲಗಿಸಿದ್ದಷ್ಟೇ. 2005ರಲ್ಲಿ ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಬೋರಲು ಮಲಗಿಸುವುದು ಅಪಾಯ ಎನ್ನಲು ಸಾಕಷ್ಟು ಪುರಾವೆ 1970ರಲ್ಲೇ ಇತ್ತು. ಆಗಲೇ ಕಣ್ಣು ಬಿಟ್ಟಿದ್ದರೆ ಯುರೋಪ್, ಅಮೆರಿಕ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಕನಿಷ್ಠ 50,000 ಮಕ್ಕಳು ಬದುಕುಳಿಯಬಹುದಿತ್ತು ಎಂದು ಅವರು ಲೆಕ್ಕ ಹಾಕಿದರು. ಆ ಸಂಖ್ಯೆಯನ್ನು ಓದಿದಾಗಲೆಲ್ಲ ನನಗೆ ಸ್ವಲ್ಪ ಹೊತ್ತು ಮಾತು ಹೊರಡುವುದಿಲ್ಲ.

ನಮ್ಮ ಕಡೆ ತೊಟ್ಟಿಲಲ್ಲಿ ಮಗುವನ್ನು ಅಂಗಾತವೇ ಮಲಗಿಸುತ್ತಿದ್ದರು. ಮಗು ತಾನಾಗಿ ಬೋರಲು ಬಿದ್ದ ದಿನ ಮನೆಯವರಿಗೆಲ್ಲ ಸಂಭ್ರಮ. ಹಾಗೆಂದು ಅಜ್ಜಿ ಹೇಳಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಬಾಣಂತನಕ್ಕೆ ಊರಿಂದ ಬಂದ ಅಜ್ಜಿ ಮಗುವಿಗೆ ಉಣ್ಣೆಯ ಕುಲಾವಿ ಕಟ್ಟಿ, ಸಾಸಿವೆ ದಿಂಬು ಇಟ್ಟು, ಎರಡು ಕಂಬಳಿ ಹೊದೆಸಿ ಮಲಗಿಸಲು ಬರುತ್ತಾರೆ. ಅಂಗಾತ ಮಲಗಿಸುವುದರಲ್ಲಿ ಅವರು ಸರಿ, ಉಳಿದದ್ದರಲ್ಲಿ ಅಲ್ಲ. ಮಲಗಿರುವ ಮಗುವಿನ ತಲೆ ಮುಖ ತೆರೆದಿರಬೇಕು, ಹಾಸಿಗೆ ಗಟ್ಟಿಯಾಗಿ ಸಮವಾಗಿರಬೇಕು, ದಿಂಬು ಬೇಡ, ಹತ್ತಿರದಲ್ಲಿ ಸಿಗರೇಟಿನ ಹೊಗೆ ಬೇಡ, ಮಗುವಿಗೆ ತನ್ನದೇ ಹಾಸಿಗೆ ಇರಲಿ, ಅದು ನಿಮ್ಮ ಕೋಣೆಯಲ್ಲೇ ಇರಲಿ. ಇದನ್ನು ಅಜ್ಜಿಗೆ ಜಗಳವಿಲ್ಲದೆ ಹೇಳಬೇಕಾದರೆ ನಿಮಗೆ ಕನ್ನಡ ಬೇಕು. “ಅಜ್ಜಿ, ನೀವು ಅಂಗಾತ ಮಲಗಿಸೋದೇ ಸರಿ ಅಂತ ಈಗ ಡಾಕ್ಟರುಗಳೂ ಒಪ್ಪಿದ್ದಾರೆ” ಎಂದು ಶುರು ಮಾಡಿ ನೋಡಿ. ಕುಲಾವಿ ತೆಗೆಯುವ ಮಾತನ್ನು ಆಮೇಲೆ ಅವರೂ ಕೇಳುತ್ತಾರೆ.

ಈ ಎರಡು ಕಥೆಗಳನ್ನು ನಾನು ಒಟ್ಟಿಗೆ ಹೇಳಿದ್ದಕ್ಕೆ ಕಾರಣವಿದೆ. ದೊಡ್ಡವರ ಆಪ್ನಿಯಾ ಬೇರೆ, ಶಿಶುಗಳದು ಬೇರೆ, ಕಾಟ್ ಡೆತ್ ಮತ್ತೂ ಬೇರೆ. ಆದರೆ ಎಲ್ಲದರಲ್ಲೂ ಮಲಗಿದವರು ತಮ್ಮ ಬಗ್ಗೆ ತಾವೇ ಸಾಕ್ಷಿ ಹೇಳಲಾರರು. ಪಕ್ಕದಲ್ಲಿ ಎಚ್ಚರವಿದ್ದವರು ಹೇಳಬೇಕು, ಆ ಮಾತನ್ನು ಕೇಳುವವರು ಬೇಕು. ನಮ್ಮಮ್ಮ ಹೇಳಿದಳು, ಯಾರೂ ಕೇಳಲಿಲ್ಲ. ಸೂಸನ್ ಬೀಲ್ ಮನೆಮನೆಗೆ ಹೋಗಿ ಕೇಳಿದರು, ಮಕ್ಕಳು ಉಳಿದವು.

ಈಗ ವೈದ್ಯರು ಬಳಸುವ ಒಂದು ಪ್ರಶ್ನಾವಳಿ ಇದೆ, 2008ರಲ್ಲಿ ಟೊರಾಂಟೊದವರು ಪ್ರಕಟಿಸಿದ್ದು. ಎಂಟೇ ಪ್ರಶ್ನೆ. ಜೋರು ಗೊರಕೆ, ಹಗಲಿನ ಸುಸ್ತು, ರಕ್ತದೊತ್ತಡ, ತೂಕ, ವಯಸ್ಸು, ಕತ್ತಿನ ಸುತ್ತಳತೆ, ಗಂಡೋ ಹೆಣ್ಣೋ. ಉಳಿದ ಇನ್ನೊಂದು ಪ್ರಶ್ನೆ: ನೀವು ನಿದ್ದೆಯಲ್ಲಿ ಉಸಿರು ನಿಲ್ಲಿಸಿದ್ದನ್ನು ಯಾರಾದರೂ ನೋಡಿದ್ದಾರೆಯೇ? ಉಳಿದ ಏಳಕ್ಕೂ ನಿಮ್ಮ ಅಪ್ಪ ಹೇಗೋ ಉತ್ತರ ಕೊಟ್ಟಾರು. ಇದಕ್ಕೆ ಉತ್ತರ ಇರುವುದು ಮನೆಯಲ್ಲಿ ಎಚ್ಚರವಿದ್ದವರ ಹತ್ತಿರ.

ಅಪ್ಪ ಅಮ್ಮ ಹೇಳುವುದಿಲ್ಲ. “ವಯಸ್ಸಾಯ್ತು, ಸುಸ್ತು ಇದ್ದದ್ದೇ” ಎನ್ನುತ್ತಾರೆ. ಅಮ್ಮಂದಿರು ತಮ್ಮ ಗೊರಕೆಯ ಮಾತೆತ್ತಿದರೆ ನಾಚಿಕೊಳ್ಳುತ್ತಾರೆ. ಊರಿಂದ ಬಂದಿರುವ ತಾತನಿಗೆ ಇಲ್ಲಿನ ಡಾಕ್ಟರ ಮುಂದೆ ಇಂಗ್ಲಿಷಿನಲ್ಲಿ ಹೇಳಲು ಬರುವುದಿಲ್ಲ. ಎರಡೂ ಭಾಷೆ ಬರುವವರು ಮನೆಯಲ್ಲಿ ನೀವು. ಆದ್ದರಿಂದ ಇವತ್ತು ರಾತ್ರಿ ಒಂದೈದು ನಿಮಿಷ ಕಿವಿಗೊಟ್ಟು ಕೇಳಿ. ಗೊರಕೆಯ ನಡುವೆ ಮೌನ ಬಂದರೆ ಎಣಿಸಿ. ಹತ್ತು ದಾಟಿದರೆ, ಮತ್ತೆ ಮತ್ತೆ ಬಂದರೆ, ಫೋನಿನಲ್ಲಿ ರೆಕಾರ್ಡ್ ಮಾಡಿ, ಬೆಳಗ್ಗೆ ಮೆತ್ತಗೆ ತೋರಿಸಿ, ಜಿಪಿ ಹತ್ತಿರ ಜೊತೆಗೆ ಹೋಗಿ. ಬೇಕೆನಿಸಿದರೆ ಅವರು ನಿದ್ದೆಯ ಪರೀಕ್ಷೆಗೆ ಬರೆದು ಕೊಡುತ್ತಾರೆ, ಎಷ್ಟೋ ಸಲ ಮನೆಯಲ್ಲಿ ಮಲಗಿಯೇ ಮಾಡಿಸಬಹುದು. ನಗಬೇಡಿ, ಹೆದರಿಸಲೂ ಬೇಡಿ.

ನಮ್ಮಪ್ಪ ಈಗಿಲ್ಲ. ಆ ಗೊರಕೆಗೂ ಅವರು ಹೋದದ್ದಕ್ಕೂ ಸಂಬಂಧ ಇತ್ತೋ ಇಲ್ಲವೋ, ಅದನ್ನು ಹೇಳುವವರು ಯಾರೂ ಇಲ್ಲ. ಕಳೆದ ಸಲ ಊರಿಗೆ ಹೋದಾಗ ರಾತ್ರಿ ಮಾಸ್ಕ್ ಹಾಕಿಕೊಂಡು ಮಲಗಿದೆ. ಬೆಳಗ್ಗೆ ಅಮ್ಮ ಕಾಫಿ ತಂದುಕೊಟ್ಟು ಯಂತ್ರವನ್ನು ಬಹಳ ಹೊತ್ತು ನೋಡಿದಳು. “ರಾತ್ರಿ ಎರಡು ಸಲ ಬಂದು ನೋಡಿದೆ ಕಣೋ. ಸದ್ದೇ ಇರಲಿಲ್ಲ. ಹತ್ತಿರ ಬಂದು ಎದೆ ನೋಡಿದೆ, ಚೆನ್ನಾಗಿ ಉಸಿರಾಡ್ತಾ ಇದ್ದೆ” ಎಂದಳು. ಇನ್ನೂ ಅವಳು ರಾತ್ರಿ ಎದ್ದು ಕೇಳಿಸಿಕೊಳ್ಳುತ್ತಲೇ ಇದ್ದಾಳೆ.

ನಿಮ್ಮ ಮನೆಯಲ್ಲೂ ಯಾರಾದರೂ ಹಾಗೆ ಕೇಳಿಸಿಕೊಳ್ಳುತ್ತಿರಲಿ.